ಕುವೈತಿನ ಅಜ್ಜ, ಊರಿನ ಕಾಗದ

ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವನೊಬ್ಬನ ಮರಿಮಗಳು ಮುತ್ತಜ್ಜನ ಕಥೆ ಬರೆಯಲು ಕುಳಿತರೆ ಅವಳಿಗೆ ದಾರಿ ಹುಡುಕುವ ಕಷ್ಟ ಅಷ್ಟಾಗಿ ಇಲ್ಲ. ಹುಟ್ಟಿದ ಊರಿನ ಚರ್ಚಿನ ಪುಸ್ತಕದಲ್ಲಿ ಅವನ ಹೆಸರಿದೆ. 1869ರಿಂದ ಮುಂದೆ ಕೋಪನ್‌ಹೇಗನ್ನಿನ ಪೊಲೀಸರು ಹಡಗು ಹತ್ತಲು ಹೊರಟವರ ಹೆಸರು, ವಯಸ್ಸು, ಕಸುಬು, ಕೊನೆಗೆ ಇದ್ದ ಊರು, ಹೋಗಬೇಕೆಂದಿರುವ ಊರು ಎಲ್ಲವನ್ನೂ ದಫ್ತರದಲ್ಲಿ ಬರೆದಿಟ್ಟಿದ್ದಾರೆ. ಆಚೆ ದಡದಲ್ಲಿ ನ್ಯೂಯಾರ್ಕಿನ ಕ್ಯಾಸಲ್ ಗಾರ್ಡನ್, 1892ರ ನಂತರವಾದರೆ ಎಲಿಸ್ ದ್ವೀಪ. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೊಮ್ಮೆ ಜನಗಣತಿಯವರು ಮನೆ ಬಾಗಿಲಿಗೆ ಬಂದು ಬರೆದುಕೊಂಡ ಹಾಳೆ. 72 ವರ್ಷ ಕಳೆದರೆ ಅದನ್ನು ಯಾರು ಬೇಕಾದರೂ ನೋಡಬಹುದು, 1950ರ ಗಣತಿಯ ಹಾಳೆಗಳು 2022ರಲ್ಲಿ ಹೀಗೆ ಹೊರಬಂದವು. 1862ರ ಹೋಮ್‌ಸ್ಟೆಡ್ ಕಾಯಿದೆಯಡಿ 160 ಎಕರೆ ಪಡೆದವನಾದರೆ, ಐದು ವರ್ಷ ಅಲ್ಲೇ ಇದ್ದು ಉತ್ತದ್ದಕ್ಕೆ ನೆರೆಯವರು ಹೇಳಿದ ಸಾಕ್ಷಿಯೂ ಕಡತದಲ್ಲಿದೆ. ಮತ್ತೆ ಪೌರತ್ವದ ಕಾಗದ, ಲೂಥರನ್ ಚರ್ಚಿನ ಮದುವೆ ಪುಸ್ತಕ, ಕೊನೆಗೆ ಅಯೋವಾದಲ್ಲೋ ನೆಬ್ರಾಸ್ಕಾದಲ್ಲೋ ಒಂದು ಸಮಾಧಿಕಲ್ಲು. ಹುಟ್ಟಿದಲ್ಲಿಂದ ಮಣ್ಣಾದಲ್ಲಿಯವರೆಗೆ ಗೆರೆ ಎಲ್ಲೂ ತುಂಡಾಗುವುದಿಲ್ಲ. ವಲಸೆ ಹೋದವರ ಕುಟುಂಬ ಚರಿತ್ರೆ ಅಂದರೆ ಹೀಗಿರಬೇಕು ಎಂಬ ಮಾದರಿಯೇ ಜಗತ್ತಿಗೆ ಬಂದದ್ದು ಬಹುಮಟ್ಟಿಗೆ ಇಂಥ ಕುಟುಂಬಗಳಿಂದ.

ಅದೇ ಮಾದರಿ ಹಿಡಿದು ಉಡುಪಿ, ಮಂಗಳೂರು, ಕಾಸರಗೋಡು, ಭಟ್ಕಳದ ಕಡೆಯಿಂದ ಕುವೈತಿಗೆ ಹೋದ ಅಜ್ಜನನ್ನು ಹುಡುಕಹೊರಟರೆ ಏನು ಸಿಗುತ್ತದೆ? ಹೆಚ್ಚುಕಡಿಮೆ ಏನೂ ಇಲ್ಲ. ಮೂವತ್ತು ವರ್ಷ ದುಡಿದ ಊರಿನಲ್ಲಿ ಅವನ ಹೆಸರಿಗೆ ಒಂದು ಸೆಂಟ್ಸ್ ಜಾಗವಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ, ಹೆಚ್ಚಿನವರಿಗೆ ಸಮಾಧಿಯೂ ಇಲ್ಲ. ಅಲ್ಲಿ ತೀರಿಕೊಂಡರೂ ಶವ ವಿಮಾನದಲ್ಲಿ ಊರಿಗೆ ಬಂದಿರುತ್ತದೆ. ಹಾಗಾಗಿ ನಮ್ಮ ಮನೆಗಳಲ್ಲಿ ಕುವೈತಿನ ಅಜ್ಜನ ಕಥೆ ಎರಡು ಸಾಲಿಗೆ ಮುಗಿಯುತ್ತದೆ: ಹೋದರು, ಕಷ್ಟಪಟ್ಟರು, ಮನೆ ಕಟ್ಟಿಸಿದರು. ಇದು ಸಾಮಗ್ರಿಯ ಬಡತನವಲ್ಲ, ಹುಡುಕುವ ಜಾಗ ತಪ್ಪಿದ್ದು ಎಂಬುದು ನನ್ನ ವಾದ. ಡೇನ್ ವಲಸಿಗನ ಚರಿತ್ರೆಯನ್ನು ಹೋದವನ ಹಿಂದೆಯೇ ಹೋಗಿ ಬರೆಯಬಹುದು, ಏಕೆಂದರೆ ಅವನು ಹೋದ ದೇಶ ಅವನನ್ನು ಇರಿಸಿಕೊಳ್ಳಲೆಂದೇ ಕರೆಸಿಕೊಂಡಿತ್ತು. ಕುವೈತ್ ಯಾರನ್ನೂ ಹಾಗೆ ಕರೆಯಲಿಲ್ಲ. ಆದ್ದರಿಂದ ಕುವೈತಿನ ಅಜ್ಜನ ಚರಿತ್ರೆಯನ್ನು ಹಿಂದೆಮುಂದಾಗಿ, ಉಳಿದವರ ಕಡೆಯಿಂದ ಬರೆಯಬೇಕು. ಹಾಗೆ ಬರೆದಾಗ ಕಥೆಯ ಮಧ್ಯದಲ್ಲಿ ಅಜ್ಜ ಇರುವುದಿಲ್ಲ, ಬಹಳ ಸಲ ಅಜ್ಜಿ ಇರುತ್ತಾಳೆ.

ಮೊದಲಿಗೆ ಈ ಸಂಬಂಧದ ವಯಸ್ಸನ್ನು ಸರಿಮಾಡಿಕೊಳ್ಳಬೇಕು. ಗಲ್ಫ್ ಅಂದ ಕೂಡಲೇ 1973ರ ತೈಲ ಬೆಲೆಯ ಏರಿಕೆಯಿಂದ ಕಥೆ ಶುರುಮಾಡುವುದು ರೂಢಿ. ಅದಕ್ಕೂ ಎಷ್ಟೋ ಮೊದಲು ಕುವೈತಿನ ನಾಖುದಾಗಳು ಬೂಮ್ ಎಂಬ ದೊಡ್ಡ ಹಾಯಿಹಡಗುಗಳಲ್ಲಿ ಬಸ್ರಾದ ಖರ್ಜೂರ ತುಂಬಿಕೊಂಡು ಮಂಗಳೂರು, ಕಲ್ಲಿಕೋಟೆಗೆ ಬಂದು, ಹಡಗು ಕಟ್ಟುವ ಮರ, ನಾರಿನ ಹಗ್ಗ ಒಯ್ಯುತ್ತಿದ್ದರು. 1899ರ ಒಪ್ಪಂದದ ನಂತರ ಕುವೈತಿನ ಹೊರಗಿನ ವ್ಯವಹಾರ ಬ್ರಿಟಿಷರ ಕೈಗೆ ಬಂತು. 1904ರಲ್ಲಿ ಬಂದ ಪೊಲಿಟಿಕಲ್ ಏಜೆಂಟ್ ಬುಶೈರಿನ ರೆಸಿಡೆಂಟರ ಮೂಲಕ ವರದಿ ಒಪ್ಪಿಸುತ್ತಿದ್ದದ್ದು ಭಾರತ ಸರಕಾರಕ್ಕೆ. ಹಣ ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು, 1961ರ ಏಪ್ರಿಲಿನಲ್ಲಿ ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರೂಕಾಲು ರೂಪಾಯಿಗಿಂತ ತುಸು ಮೇಲೆ ಲೆಕ್ಕವಾಯಿತು. ಅಂದರೆ 1950ರ ದಶಕದಲ್ಲಿ ಹೋದವನು ರೂಪಾಯಿಯಲ್ಲೇ ಸಂಬಳ ಎಣಿಸಿದ. ಬೊಂಬಾಯಿಯ ಹೋಟೆಲಿಗೋ ಮಿಲ್ಲಿಗೋ ಹೋದ ಅಣ್ಣನಿಗೂ ಅವನಿಗೂ ಮನೆಯವರ ಕಣ್ಣಲ್ಲಿ ಹೆಚ್ಚು ವ್ಯತ್ಯಾಸ ಇದ್ದಿರಲಾರದು: ಇಬ್ಬರೂ ಬೊಂಬಾಯಿಗೆ ಹೋದವರೇ, ಒಬ್ಬ ಅಲ್ಲಿ ಇಳಿದ, ಇನ್ನೊಬ್ಬ ಅಲ್ಲಿ ಹಡಗು ಹತ್ತಿದ. ಆ ಹಡಗುಗಳು ಬ್ರಿಟಿಷ್ ಇಂಡಿಯಾ ಕಂಪನಿಯವು: ದಾರಾ, ದ್ವಾರಕಾ ಮತ್ತು ಅವುಗಳ ಜೊತೆಯವು, ಬೊಂಬಾಯಿ, ಕರಾಚಿ, ಗಲ್ಫಿನ ಬಂದರುಗಳನ್ನು ಮುಟ್ಟಿ ಬಸ್ರಾದವರೆಗೆ. ದಾರಾ 1961ರ ಏಪ್ರಿಲಿನಲ್ಲಿ ದುಬೈ ಹತ್ತಿರ ಸ್ಫೋಟಗೊಂಡು 238 ಜನ ಸತ್ತರು, ಹಡಗು ಮುಳುಗಿತು. ದ್ವಾರಕಾ 1982ರವರೆಗೂ ಓಡಿತು. ಡೇನ್ ಮರಿಮಗಳಿಗೆ ಸಿಗುವ ಪ್ರಯಾಣಿಕರ ಪಟ್ಟಿಯಂಥದ್ದು ಈ ಹಡಗುಗಳ ಡೆಕ್ಕಿನಲ್ಲಿ ಚಾಪೆ ಹಾಸಿ ಮಲಗಿ ಹೋದವರ ಮೊಮ್ಮಕ್ಕಳ ಕೈಗೆ ಬರುವುದಿಲ್ಲ.

ತೈಲ ಸಿಕ್ಕದ್ದು 1938ರ ಫೆಬ್ರುವರಿಯಲ್ಲಿ, ಬುರ್ಗಾನಿನಲ್ಲಿ. ಯುದ್ಧ ಮುಗಿದು 1946ರ ಜೂನಿನಲ್ಲಿ ಮೊದಲ ಹಡಗು ತುಂಬಿ ಹೋಯಿತು. ಕುವೈತ್ ಆಯಿಲ್ ಕಂಪನಿ ಆಗ ಬ್ರಿಟಿಷರ ಮತ್ತು ಅಮೆರಿಕನ್ನರ ಪಾಲುದಾರಿಕೆಯದು. ಅದಕ್ಕೆ ಗುಮಾಸ್ತರು, ಟೈಪಿಸ್ಟರು, ಫಿಟ್ಟರುಗಳು, ಬಡಗಿಗಳು ಬೇಕಿದ್ದರು, ಅವರನ್ನು ಬೊಂಬಾಯಿಯಿಂದ ನೇಮಿಸಿಕೊಂಡರು. ಮರಳಿನ ದಿಬ್ಬದ ಮೇಲೆ ಕಂಪನಿ ಕಟ್ಟಿದ ಅಹ್ಮದಿ ಪಟ್ಟಣದ ನಕ್ಷೆಯೇ ಒಂದು ದಾಖಲೆ. ಉತ್ತರಕ್ಕೆ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳ ಬಂಗಲೆಗಳು, ಹಿತ್ತಿಲು, ಕ್ಲಬ್ಬು. ನಡುವೆ ಭಾರತ, ಪಾಕಿಸ್ತಾನದ ಗುಮಾಸ್ತರ, ಕುಶಲಕರ್ಮಿಗಳ ಮನೆಗಳು. ದಕ್ಷಿಣಕ್ಕೆ ಅರಬ್ ಕೆಲಸಗಾರರ ವಸತಿ. ಯಾವನು ಎಲ್ಲಿ ಮಲಗಬೇಕು ಎಂಬುದನ್ನು ಚರ್ಮ ಮತ್ತು ಹುದ್ದೆ ನೋಡಿ ಗೆರೆ ಎಳೆದು ತೀರ್ಮಾನಿಸಿದ್ದರು. ಅಜ್ಜ ಅಹ್ಮದಿಯಲ್ಲಿದ್ದರು ಎಂಬ ಒಂದೇ ವಾಕ್ಯ ಗೊತ್ತಿದ್ದರೂ ಇಷ್ಟು ವಿಷಯ ಅದರ ಹಿಂದೆ ಬರುತ್ತದೆ. ಕುವೈತಿನ ಪೊಲಿಟಿಕಲ್ ಏಜೆನ್ಸಿಯ ಹಳೆಯ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. 2014ರಿಂದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಅವುಗಳಲ್ಲಿ ಬಹಳಷ್ಟನ್ನು ಮನೆಯಲ್ಲೇ ಕುಳಿತು ಓದಬಹುದು. ಅಲ್ಲಿ ಕಾಲ ಸಿಗುತ್ತದೆ, ಕಂಪನಿಯ ನೀತಿ ಸಿಗುತ್ತದೆ, ಮನುಷ್ಯ ಸಿಗುವುದು ಅಪರೂಪ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಡೇನ್ ಮನುಷ್ಯ ಹೋದದ್ದು ನೆಲೆಸಲಿಕ್ಕೆ, ನಮ್ಮವರು ಹೋದದ್ದು ನೌಕರಿಗೆ; ನೌಕರಿ ಮುಗಿಸಿ ವೀಸಾ ಕ್ಯಾನ್ಸಲ್ ಮಾಡಿಸಿ ಬಂದವನನ್ನು ವಲಸಿಗ ಪೂರ್ವಜ ಎಂದು ಕರೆಯುವುದೇ ಅತಿಯಾಯಿತು, ಬೊಂಬಾಯಿಯ ಉಡುಪಿ ಹೋಟೆಲಿನಲ್ಲಿ ದುಡಿದು ಬಂದವನಿಗಿಲ್ಲದ ಪಟ್ಟ ಇವನಿಗೇಕೆ ಎಂದು ಕೇಳುವವರಿದ್ದಾರೆ. ಕಾನೂನಿನ ಪ್ರಕಾರ ಅವರು ಹೇಳುವುದು ಸರಿ. ಕುವೈತಿನ 1959ರ ಪೌರತ್ವ ಕಾಯಿದೆ 1920ಕ್ಕೆ ಮೊದಲೇ ಅಲ್ಲಿ ನೆಲೆಸಿದವರನ್ನು ಮೂಲ ಪ್ರಜೆಗಳೆಂದಿತು. 1982ರ ತಿದ್ದುಪಡಿಯ ನಂತರ ಮುಸ್ಲಿಮರಲ್ಲದವರಿಗೆ ಹೊಸದಾಗಿ ಪೌರತ್ವ ಪಡೆಯುವ ಬಾಗಿಲೂ ಮುಚ್ಚಿತು. ಖಾಸಗಿ ಕಂಪನಿಯ ನೌಕರನಿಗೆ 18ನೇ ವಿಧಿಯ ವೀಸಾ, ಮನೆಗೆಲಸದವರಿಗೆ 20, ಹೆಂಡತಿ ಮಕ್ಕಳಿಗೆ 22. ಸಂಬಳ ಇಂತಿಷ್ಟು ದಿನಾರ್ ಇದ್ದರೆ ಮಾತ್ರ ಕುಟುಂಬವನ್ನು ಕರೆಸಬಹುದು. 2024ರ ಜನವರಿಯಲ್ಲಿ ಆ ಮಿತಿ 800 ದಿನಾರಿಗೆ ಏರಿತು. ಇವತ್ತು ಸುಮಾರು 10 ಲಕ್ಷ ಭಾರತೀಯರು ಕುವೈತಿನಲ್ಲಿದ್ದಾರೆ, ಅಲ್ಲಿನ ಜನಸಂಖ್ಯೆಯ ಐದರಲ್ಲೊಂದು ಪಾಲು. ಅಷ್ಟು ಜನರೂ ಕಾಗದದ ಮೇಲೆ ತಾತ್ಕಾಲಿಕರೇ.

ಆದರೆ ಕಾಗದ ತಾತ್ಕಾಲಿಕ ಎಂದದ್ದಕ್ಕೆ ಬದುಕೂ ತಾತ್ಕಾಲಿಕವಾಗಿತ್ತು ಎಂದು ಹೇಳಲಾಗದು. ಎರಡು ವರ್ಷದ ಕರಾರನ್ನು ನವೀಕರಿಸುತ್ತ ನವೀಕರಿಸುತ್ತ ಮೂವತ್ತು ಮೂವತ್ತೈದು ವರ್ಷ ಇದ್ದುಬಿಟ್ಟವರು ಕರಾವಳಿಯ ಊರೂರಿನಲ್ಲಿದ್ದಾರೆ. ಅಲ್ಲಿ ಹುಟ್ಟಿ, 1959ರಲ್ಲಿ ಶುರುವಾದ ಇಂಡಿಯನ್ ಕಮ್ಯುನಿಟಿ ಸ್ಕೂಲಿನಲ್ಲೋ, ಮಂಗಳೂರಿನ ಅಪೋಸ್ತಲಿಕ್ ಕಾರ್ಮೆಲ್ ಸಂಸ್ಥೆಯ ಭಗಿನಿಯರ ಕಾರ್ಮೆಲ್ ಸ್ಕೂಲಿನಲ್ಲೋ ಓದಿ, ಕಾಲೇಜಿಗೆಂದು ಮಂಗಳೂರಿಗೋ ಮಣಿಪಾಲಕ್ಕೋ ಬಂದು, ಮತ್ತೆ ಕೆಲಸಕ್ಕೆ ಕುವೈತಿಗೇ ಹೋದ ಮಕ್ಕಳಿದ್ದಾರೆ. ಅವರ ಮಕ್ಕಳೂ ಅಲ್ಲೇ ಇದ್ದಾರೆ. ಮೂರು ತಲೆಮಾರು ಒಂದು ಊರಿನ ಸೆಕೆ, ಒಂದು ಊರಿನ ಮೀನುಪೇಟೆ, ಒಂದು ಊರಿನ ಬಸ್ಸುಗಳ ನಡುವೆ ಬೆಳೆದ ಮೇಲೆ ಅದನ್ನು ನೌಕರಿ ಎಂಬ ಒಂದು ಮಾತಿನಲ್ಲಿ ಮುಗಿಸುವುದು ಸರಿಯಲ್ಲ. ಹಾಗೆ ನೋಡಿದರೆ ಡೆನ್ಮಾರ್ಕಿನಿಂದ ಹೋದ ಸುಮಾರು 3 ಲಕ್ಷ ಜನರಲ್ಲಿಯೂ ಒಂದಿಷ್ಟು ಹಣ ಮಾಡಿಕೊಂಡು ವಾಪಸಾಗೋಣ ಎಂದು ಹೊರಟವರಿದ್ದರು, ಕೆಲವರು ವಾಪಸಾದರು ಕೂಡ. ಹೊರಡುವವನ ಮನಸ್ಸಿನಲ್ಲಿ ಏನಿತ್ತು ಎಂಬುದಲ್ಲ, ಆ ಹೊರಡುವಿಕೆಯಿಂದ ಎರಡು ದಡದಲ್ಲೂ ಮನೆತನ ಏನಾಯಿತು ಎಂಬುದು ಕುಟುಂಬ ಚರಿತ್ರೆಯ ವಿಷಯ. ಬೊಂಬಾಯಿ ಹೋಟೆಲಿನ ಅಣ್ಣನಿಗೂ ಆ ಚರಿತ್ರೆ ಬರೆಯಬೇಕಾದದ್ದೇ. ಇವನಿಗೆ ಬರೆದರೆ ಅವನಿಗೆ ಅನ್ಯಾಯವಾಗುವುದಿಲ್ಲ.

ಹೋದ ದಡದಲ್ಲಿ ಉಳಿಯುವ ಗುರುತು ಎಷ್ಟು ತೆಳು ಎಂಬುದನ್ನು ಒಂದು ಹಳೆಯ ಪಾಸ್‌ಪೋರ್ಟಿನಲ್ಲೇ ಕಾಣಬಹುದು. ಮೂಲೆ ಕತ್ತರಿಸಿ, ರದ್ದಾಯಿತೆಂದು ಮುದ್ರೆ ಒತ್ತಿ ವಾಪಸು ಕೊಟ್ಟ ಪುಸ್ತಕ. 1983ರ ವಲಸೆ ಕಾಯಿದೆಯ ನಂತರದ್ದಾದರೆ ಹೆಚ್ಚು ಓದದವನ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆ ಬೇಕು ಎಂಬ ಮುದ್ರೆ. ಅದರಿಂದ ಅವನ ಓದಿನ ಬಗ್ಗೆ ಒಂದು ಸುಳಿವು ಸಿಗುತ್ತದೆ. ಒಳಗೆ ಅರಬ್ಬಿಯಲ್ಲಿ ತುಂಬಿದ ಅಕಾಮಾದ, ಅಂದರೆ ವಾಸದ ಪರವಾನಗಿಯ ಪುಟಗಳು, ಯಾರ ಕಫಾಲತ್ತಿನಲ್ಲಿ (ಪ್ರಾಯೋಜಕತ್ವದಲ್ಲಿ) ಇದ್ದ, ಯಾವ ವಿಧಿಯಡಿ, ಎಲ್ಲಿಯವರೆಗೆ. ರಜೆಗೆ ಬಂದ ಮುದ್ರೆಗಳ ನಡುವಿನ ಅಂತರ ಎಣಿಸಿದರೆ ಯಾವ ಮಗುವಿನ ಹುಟ್ಟಿಗೆ ತಂದೆ ಊರಲ್ಲಿದ್ದ, ಯಾವ ಸಾವಿಗೆ ಬರಲಾಗಲಿಲ್ಲ ಎಂಬುದೂ ಹೊರಬೀಳುತ್ತದೆ. ಇಷ್ಟು ಹೇಳುತ್ತಿದ್ದ ಪುಟಗಳೂ ಈಗಿಲ್ಲ. 2019ರ ಮಾರ್ಚಿನಿಂದ ಕುವೈತ್ ಪಾಸ್‌ಪೋರ್ಟಿಗೆ ಅಕಾಮಾ ಅಂಟಿಸುವುದನ್ನು ನಿಲ್ಲಿಸಿತು. ಎಲ್ಲವೂ ಸಿವಿಲ್ ಐಡಿಯಲ್ಲಿ, ಅದೂ ಈಗ ಮೊಬೈಲಿನಲ್ಲಿ. ಬಿಟ್ಟು ಬರುವವನ ಕಾರ್ಡು ರದ್ದಾದ ಮೇಲೆ ಅವನ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಸರಕಾರಿ ಕಚೇರಿಗೆ ಇದು ಅನುಕೂಲ, ಕ್ಯೂ ಕಡಿಮೆಯಾಗಿದೆ, ದೂರುವಂಥದ್ದಲ್ಲ. ಆದರೆ ಮೊಮ್ಮಗನಿಗೆ ಒಂದು ಸಾಕ್ಷಿ ಹೋಯಿತು.

ಹಾಗಾದರೆ ಹುಡುಕಬೇಕಾದದ್ದು ಎಲ್ಲಿ? ಊರಿನ ಕಪಾಟಿನಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ. ಕುವೈತಿನಲ್ಲಿರುವವನು ಊರಲ್ಲಿ ಜಾಗ ತೆಗೆದುಕೊಳ್ಳಬೇಕಾದರೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಖ್ತಿಯಾರ್ ಪತ್ರ ಕಳಿಸಬೇಕು. ಅದು ನೋಡಲು ಏನೂ ಅಲ್ಲ: ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಮೂರು ಹಾಳೆ, ಪ್ರತಿ ಹಾಳೆಯ ಕೆಳಗೆ ಸಹಿ, ಮೂಲೆಯಲ್ಲಿ ಒಂದು ಫೋಟೋ, ಅದರ ಮೇಲೆ ಅರ್ಧ ಬಿದ್ದಿರುವ ರಾಯಭಾರ ಕಚೇರಿಯ ದುಂಡು ಸೀಲು. ಹೊರದೇಶದಲ್ಲಿ ಬರೆದದ್ದಾದ್ದರಿಂದ ಊರಿಗೆ ಬಂದು ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಹಾಗೆ ಕಟ್ಟಿದ ತಾರೀಕೂ ಅದರ ಮೇಲೆಯೇ ಬಿದ್ದಿರುತ್ತದೆ. ಕ್ರಯಪತ್ರದಲ್ಲಿ ಇದೇ ಸಂಗತಿ ಕನ್ನಡಕ್ಕೆ ಇಳಿಯುತ್ತದೆ, ಸದ್ರಿಯವರು ಪ್ರಸ್ತುತ ಕುವೈತಿನಲ್ಲಿ ಉದ್ಯೋಗದಲ್ಲಿರುವುದರಿಂದ ಅವರ ಪರವಾಗಿ ಇಂಥವರು ಎಂಬ ಧಾಟಿಯಲ್ಲಿ. ಆ ಇಂಥವರು ಯಾರು ಎಂಬಲ್ಲಿ ಕುಟುಂಬದ ನಿಜವಾದ ಚರಿತ್ರೆ ಅಡಗಿದೆ. ಮೊದಲ ಸಲದ ಕಾಗದದಲ್ಲಿ ತಂದೆಯೋ ಅಣ್ಣನೋ ಇದ್ದು, ಹತ್ತು ವರ್ಷದ ನಂತರದ್ದರಲ್ಲಿ ಹೆಂಡತಿಯ ಹೆಸರು ಬಂದಿದ್ದರೆ, ಆ ನಡುವೆ ಮನೆಯೊಳಗೆ ಏನೋ ನಡೆದಿದೆ: ಪಾಲು ಆಗಿದೆ, ಇಲ್ಲವೇ ನಂಬಿಕೆ ಕೈ ಬದಲಾಯಿಸಿದೆ, ಇಲ್ಲವೇ ಆಕೆ ವ್ಯವಹಾರಕ್ಕೆ ನಿಂತಿದ್ದಾಳೆ. ಬಂಟರು, ಬಿಲ್ಲವರು, ಮೊಗವೀರರಂಥ ಅಳಿಯಸಂತಾನದ ಮನೆಗಳಲ್ಲಿ ಅಕ್ಕನದೋ ತಂಗಿಯದೋ ಹೆಸರಿದ್ದರೆ ಅದರ ಅರ್ಥ ಮತ್ತೂ ಬೇರೆ.

ಈ ಜಾಗದ ಕಥೆಗೆ ಇನ್ನೊಂದು ಕಾಲು ಇದೆ, ಅದನ್ನು ಬಿಟ್ಟು ಬರೆಯುವುದೇ ಹೆಚ್ಚು. 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದಕ್ಷಿಣ ಕನ್ನಡದಲ್ಲಿ ಚಾಲಗೇಣಿಗೆ ಉಳುತ್ತಿದ್ದವರು ನಮೂನೆ 7ರ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಿಂದ ಡಿಕ್ಲರೇಶನ್ ಮಾಡಿಸಿಕೊಂಡರು. ಅದರ ಹಿಂದಿನ ವರ್ಷವೇ ತೈಲದ ಬೆಲೆ ಏರಿ ಗಲ್ಫಿನಲ್ಲಿ ಕೆಲಸದ ಬಾಗಿಲು ತೆರೆದಿತ್ತು. ಎರಡೂ ಒಂದೇ ಹೊತ್ತಿಗೆ ಬಂದದ್ದರಿಂದ ಕೆಲವು ಮನೆಗಳಲ್ಲಿ ಗೇಣಿ ಕಳೆದುಕೊಂಡ ಧಣಿಯ ಮಗನೂ, ಹೊಸದಾಗಿ ಜಾಗ ಪಡೆದ ಒಕ್ಕಲಿನ ಮಗನೂ ಒಂದೇ ದಶಕದಲ್ಲಿ ಅದೇ ಬೊಂಬಾಯಿಯ ದಾರಿ ಹಿಡಿದರು. ಒಬ್ಬ ಹೋದದ್ದು ಮರ್ಯಾದೆ ಉಳಿಸಿಕೊಳ್ಳಲು, ಇನ್ನೊಬ್ಬ ಆ ಜಾಗಕ್ಕೆ ಬಾವಿ ತೋಡಿಸಲು, ಪಂಪು ಕೂರಿಸಲು. ಅಜ್ಜ ಹೊಟ್ಟೆಪಾಡಿಗೆ ಹೋದರು ಎಂದು ಎರಡೂ ಮನೆಯವರು ಹೇಳಿದರೂ ಎರಡರ ಅರ್ಥ ಒಂದಲ್ಲ. ಪಹಣಿಯ ಕಲಂಗಳನ್ನು ಪಾಸ್‌ಪೋರ್ಟಿನ ತಾರೀಕಿನ ಪಕ್ಕ ಇಟ್ಟರೆ ಈ ವ್ಯತ್ಯಾಸ ತಿಳಿಯುತ್ತದೆ, ಕುವೈತಿನ ಯಾವ ಕಚೇರಿಗೆ ಹೋದರೂ ತಿಳಿಯುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕುಗಳನ್ನೂ ಇದೇ ಕಟ್ಟಿಗೆ ಸೇರಿಸಬೇಕು. 1970ರಲ್ಲಿ ಅನಿವಾಸಿಗಳಿಗೆ ಎನ್‌ಆರ್‌ಇ ಖಾತೆ ಬಂದ ಮೇಲೆ ಗಲ್ಫಿನ ಹಣ ಜಮೆಯಾದದ್ದು ಬಹಳಷ್ಟು ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ. ವಿಜಯ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಖಾತೆಗಳು ಹೊಸ ಬ್ಯಾಂಕಿನಲ್ಲಿ ಮುಂದುವರಿದವು, ಹಳೆಯ ಪುಸ್ತಕಗಳನ್ನು ಎಷ್ಟೋ ಮನೆಯವರು ಎಸೆದರು.

ಉಳಿದವರ ಕಡೆಯಿಂದ ಬರೆಯಬೇಕು ಎಂದದ್ದಕ್ಕೆ ಕಾಗದಪತ್ರಗಳೇ ದೊಡ್ಡ ಆಧಾರ. ಕುವೈತಿನಲ್ಲಿ ಅಂಚೆಯವನು ಮನೆಗೆ ಬರುತ್ತಿರಲಿಲ್ಲ. ಪತ್ರಗಳು ಕಂಪನಿಯ ಪೋಸ್ಟ್ ಬಾಕ್ಸಿಗೆ, ಸಫಾತ್ ಎಂಬ ವಿಳಾಸಕ್ಕೆ ಹೋಗುತ್ತಿದ್ದವು. ಮನೆಯಲ್ಲಿ ತುಳು ಆಡಲಿ, ಕೊಂಕಣಿ ಆಡಲಿ, ಬ್ಯಾರಿ ಆಡಲಿ, ಪತ್ರ ಮಾತ್ರ ಹೆಚ್ಚಾಗಿ ಕನ್ನಡದಲ್ಲಿ, ಶಾಲೆಯಲ್ಲಿ ಕಲಿತ ಶಿಸ್ತಿನಲ್ಲಿ: ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು, ಆಮೇಲೆ ಮಳೆ, ಕೊಯ್ಲು, ಆಸ್ಪತ್ರೆ, ಸಾಲ. ಟೇಪ್‌ರೆಕಾರ್ಡರ್ ಬಂದ ಮೇಲೆ ಕ್ಯಾಸೆಟ್ಟಿನಲ್ಲಿ ಮನೆಮಾತು ಹೋಯಿತು, ಅಳುವೂ ಜಗಳವೂ ಅದರಲ್ಲೇ. ಕುವೈತಿನಿಂದ ಬಂದ ಪತ್ರಗಳು ಊರಿನ ಟ್ರಂಕಿನಲ್ಲಿ ಉಳಿದಿವೆ. ಊರಿನಿಂದ ಹೋದ ಪತ್ರಗಳು, ಅಂದರೆ ಅಜ್ಜಿ ಬರೆದವು ಅಥವಾ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಬರೆಸಿದವು, ಆರು ಜನ ಹಂಚಿಕೊಂಡ ರೂಮಿನಲ್ಲಿ ಉಳಿಯುವುದು ಸಾಧ್ಯವಿರಲಿಲ್ಲ. ಹೀಗಾಗಿ ಹೋದವನ ಮಾತು ಉಳಿದು, ಉಳಿದವಳ ಮಾತು ಹೋಯಿತು. ಅವನ ಉತ್ತರಗಳಿಂದ ಅವಳ ಪ್ರಶ್ನೆಗಳನ್ನು ಊಹಿಸಿಕೊಳ್ಳುವ ಕೆಲಸ ಚರಿತ್ರೆ ಬರೆಯುವವರದು. ಅದೇನೂ ಕಷ್ಟವಲ್ಲ, ಯಾವ ಗದ್ದೆಗೆ ಎಷ್ಟು ಗೊಬ್ಬರ ಎಂದು ಅವನು ಕೇಳಿದ ಪತ್ರಗಳಿಗಿಂತ ಅವಳು ಮಾಡಿದ್ದನ್ನು ಒಪ್ಪಿಕೊಂಡ ಪತ್ರಗಳೇ ಹೆಚ್ಚಿರುತ್ತವೆ. ಡೇನರ ಮೊಮ್ಮಕ್ಕಳಿಗೆ ಹಳೆಯ ಗೋಥಿಕ್ ಕೈಬರಹ ಓದಲು ಬರುವುದಿಲ್ಲ, ಓದಿಸಲು ಬೇರೆಯವರನ್ನು ಹುಡುಕಬೇಕು. ಕುವೈತಿನ ಇಂಗ್ಲಿಷ್ ಶಾಲೆಯಲ್ಲಿ ಓದಿ ಟೊರಾಂಟೊದಲ್ಲಿ ನೆಲೆಸಿದ ಮೊಮ್ಮಕ್ಕಳ ಸ್ಥಿತಿಯೂ ಕನ್ನಡದ ಮುಂದೆ ಅದೇ.

1990ರ ಆಗಸ್ಟ್ 2ರಂದು ಇರಾಕ್ ನುಗ್ಗಿದಾಗ ಕುವೈತಿನಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಭಾರತೀಯರಿದ್ದರು. ಬಸ್ರಾ, ಬಗ್ದಾದ್ ದಾಟಿ ಜೋರ್ಡಾನಿನ ಗಡಿಯ ಗುಡಾರಗಳಲ್ಲಿ ಕಾದು ಅಮ್ಮಾನಿಗೆ ಬಂದವರನ್ನು ಏರ್ ಇಂಡಿಯಾ 488 ಹಾರಾಟಗಳಲ್ಲಿ ಊರಿಗೆ ತಂದಿತು. ಈ ಕಥೆ ಎಲ್ಲರಿಗೂ ಗೊತ್ತು. 2016ರ ಏರ್‌ಲಿಫ್ಟ್ ಸಿನಿಮಾ ಅದನ್ನು ಕಲ್ಪಿತ ನಾಯಕನೊಬ್ಬನ ಸಾಹಸ ಮಾಡಿ ಇನ್ನೂ ಗಟ್ಟಿಮಾಡಿತು. ಕುಟುಂಬ ಚರಿತ್ರೆಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಆಮೇಲಿನ ನೀರಸ ಭಾಗ. ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಪರಿಹಾರ ಆಯೋಗ ಸ್ಥಾಪಿಸಿತು, ಇರಾಕಿನ ತೈಲ ಆದಾಯದ ಪಾಲಿನಿಂದ ಹಣ. ಬಿಟ್ಟು ಓಡಬೇಕಾದವರಿಗೆ ಎ ವರ್ಗದಲ್ಲಿ ನಿಗದಿತ ಮೊತ್ತ: ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000, ಬೇರೆ ಯಾವ ಅರ್ಜಿಯನ್ನೂ ಹಾಕುವುದಿಲ್ಲ ಎಂದರೆ 4,000 ಮತ್ತು 8,000. ಹೆಚ್ಚು ಕಳೆದುಕೊಂಡವರಿಗೆ ಸಿ ವರ್ಗ, 1 ಲಕ್ಷ ಡಾಲರಿನವರೆಗೆ, ಬಿಡಿಬಿಡಿಯಾಗಿ ಬರೆದುಕೊಡಬೇಕು: ಸಂಬಳ, ಬ್ಯಾಂಕಿನಲ್ಲಿದ್ದದ್ದು, ಮನೆಯ ಸಾಮಾನು. ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯದ ವಿಶೇಷ ಕುವೈತ್ ಸೆಲ್ ಅರ್ಜಿಗಳನ್ನು ತೆಗೆದುಕೊಂಡಿತು. ಫ್ರಿಜ್ಜು, ಟಿವಿ, ವಿಸಿಆರ್, ಸೋಫಾ, ಮಕ್ಕಳ ಸೈಕಲ್ಲು, ಕರಿಮಣಿ, ಬಳೆ, ಕಾರಿದ್ದರೆ ಕಾರು, ಕೊನೆಯ ತಿಂಗಳ ಬಾಕಿ ಸಂಬಳ. ಒಂದು ಮನೆಯೊಳಗೆ ಏನೇನಿತ್ತು ಎಂಬ ಪಟ್ಟಿ ಹೀಗೆ, ಅದು ಕೈತಪ್ಪಿದ ಮೇಲೆ ತಯಾರಾಯಿತು. ಡೇನ್ ರೈತನ ಸಂಸಾರಕ್ಕೆ ಹೋಮ್‌ಸ್ಟೆಡ್ ಕಡತ ಸಾಕ್ಷಿಯಾದ ಹಾಗೆ ಕುವೈತಿನ ಸಂಸಾರಕ್ಕೆ ಇದು ಸಾಕ್ಷಿ, ಜೆರಾಕ್ಸ್ ಪ್ರತಿ ಈಗಲೂ ಎಷ್ಟೋ ಮನೆಗಳಲ್ಲಿದೆ.

ಪರಿಹಾರದ ಅರ್ಜಿಯನ್ನು ಸಾಕ್ಷಿ ಎನ್ನುತ್ತೀರಾ, ಅದರಲ್ಲಿ ಇದ್ದದ್ದಕ್ಕಿಂತ ಹೆಚ್ಚು ಬರೆದವರೆಷ್ಟಿಲ್ಲ ಎಂದು ನಗುವವರು ನಗಲಿ. ಅವರ ಅನುಮಾನ ಆಯೋಗಕ್ಕೂ ಇತ್ತು. ಲಕ್ಷಗಟ್ಟಲೆ ಸಿ ಅರ್ಜಿಗಳನ್ನು ಒಂದೊಂದಾಗಿ ನೋಡಲಾಗದೆ, ಮಾದರಿ ತೆಗೆದು ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿ ಅತಿ ಎನಿಸಿದ್ದನ್ನು ಇಳಿಸಿದರು. ಆದರೆ ಸುಳ್ಳೂ ಒಂದು ಮಟ್ಟದಲ್ಲಿ ನಿಜ ಹೇಳುತ್ತದೆ. ಡ್ರೈವರ್ ಕೆಲಸದವನು ಪಿಯಾನೊ ಕಳೆದುಕೊಂಡೆ ಎಂದು ಬರೆಯುವುದಿಲ್ಲ. ತನ್ನ ನೆರೆಯವನ ಮನೆಯಲ್ಲಿ ಇದ್ದದ್ದನ್ನು, ತಾನು ಮುಂದಿನ ವರ್ಷ ಕೊಳ್ಳಬೇಕೆಂದಿದ್ದದ್ದನ್ನು ಬರೆಯುತ್ತಾನೆ. ಅಲ್ಲಿ ಬಾಳಿದ ಬಾಳಿನ ಅಳತೆ ಅದರಲ್ಲಿದೆ. ಅನುಮಾನ ಇದ್ದರೆ ಆ ಕಾಲದ ಹುಟ್ಟುಹಬ್ಬದ ಫೋಟೋಗಳ ಹಿನ್ನೆಲೆ ನೋಡಬಹುದು. ಹೋಮ್‌ಸ್ಟೆಡ್‌ನಲ್ಲೂ ಉಳದೆ ಉತ್ತೆ ಎಂದು ನೆರೆಯವನಿಂದ ಹೇಳಿಸಿದವರಿದ್ದರು, ಅಮೆರಿಕದ ಚರಿತ್ರಕಾರರು ಅದಕ್ಕಾಗಿ ಆ ಕಡತಗಳನ್ನು ಬಿಸಾಡಲಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯದು: ಇಂಥ ಕಾಗದಗಳೆಲ್ಲ ಒಂದು ವರ್ಗದವರಲ್ಲಿ ಮಾತ್ರ ಇವೆ. ಜಿಪಿಎ ಬರೆಯಲು ಜಾಗ ಕೊಳ್ಳುವಷ್ಟು ಹಣ ಬೇಕು, ಸಿ ಅರ್ಜಿಗೆ ಕಳೆದುಕೊಳ್ಳುವಷ್ಟು ಸಾಮಾನು ಬೇಕು. 20ನೇ ವಿಧಿಯ ವೀಸಾದಲ್ಲಿ ಮನೆಗೆಲಸಕ್ಕೆ ಹೋದ ಹೆಂಗಸಿನ ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿರುತ್ತಿತ್ತು, ರಜೆ ಎಂಬುದಕ್ಕೂ ಅವಳಿಗೆ ಕಾನೂನಿನ ಬಲ ಸಿಕ್ಕದ್ದು 2015ರ ಕಾಯಿದೆಯಿಂದ. ಅವಳ ಚರಿತ್ರೆ ನಾನು ಹೇಳಿದ ದಾರಿಯಲ್ಲಿ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಅವಳಿದ್ದಾಗಲೇ ಅವಳ ಬಾಯಿಂದ ಕೇಳಿ ಬರೆದುಕೊಳ್ಳುವುದೊಂದೇ ಉಪಾಯ. ಜಾತಿ ಮತಗಳ ನಡುವೆಯೂ ಸಮಾನತೆಯಿಲ್ಲ. ಮಂಗಳೂರು ಕೆಥೋಲಿಕರ ಮದುವೆ ಎಲ್ಲಿ ನಡೆದರೂ ಜ್ಞಾನಸ್ನಾನವಾದ ಚರ್ಚಿನ ಪುಸ್ತಕದಲ್ಲಿ ಬರೆಯಬೇಕೆಂಬ ನಿಯಮವಿದೆ. ಅಹ್ಮದಿಯ ಅವರ್ ಲೇಡಿ ಆಫ್ ಅರೇಬಿಯಾ ಚರ್ಚಿನಲ್ಲಿ ಹೆಸರಿಡಿಸಿಕೊಂಡ ಮಗು ಮುಂದೆ ಬಂಟ್ವಾಳದಲ್ಲಿ ಮದುವೆಯಾದರೆ ಎರಡು ಪುಸ್ತಕಗಳು ಒಂದಕ್ಕೊಂದು ತಿಳಿಸಿಕೊಳ್ಳುತ್ತವೆ. ಡೇನರಿಗೆ ಇರುವ ಅನುಕೂಲಕ್ಕೆ ಸಮನಾದದ್ದು ನಮ್ಮಲ್ಲಿ ಇದೊಂದೇ. ಅಳಿಯಸಂತಾನದವರ ಸ್ಥಿತಿ ಇದಕ್ಕೆ ತೀರ ವಿರುದ್ಧ: ಬರಿ ಎಂಬ ಗೋತ್ರ, ಕುಟುಂಬ, ದೈವದ ಮನೆ ಎಲ್ಲ ತಾಯಿಯ ಕಡೆಯಿಂದ, ಕುವೈತಿನ ಕಾಗದದಲ್ಲಿ ಹೆಸರು ಓದುವುದು ತಾನು, ತಂದೆ, ಅಜ್ಜ ಎಂಬ ಕ್ರಮದಲ್ಲಿ. ಆ ಕಾಗದ ಹಿಡಿದು ವಂಶವೃಕ್ಷ ಬರೆದರೆ ಮನೆಯವರೇ ಒಪ್ಪಲಾರರು.

ಕುವೈತನ್ನು ದೂರುವುದಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ನೆಲೆ ಕೊಡುತ್ತೇನೆಂದು ಅದು ಹೇಳಿರಲಿಲ್ಲ, ಸಂಬಳ ಕೊಟ್ಟಿತು, ಬಹಳ ಮನೆಗಳು ಆ ಸಂಬಳದಿಂದ ಎದ್ದವು. ತಕರಾರಿರುವುದು ನಮ್ಮ ಹೇಳುವ ಕ್ರಮದ ಬಗ್ಗೆ. ಸಮುದಾಯದ ಸಂಘಗಳ ಸ್ಮರಣ ಸಂಚಿಕೆಗಳನ್ನು ತಿರುವಿ ನೋಡಿದರೆ ಮೊದಲು ಹೋದವರು, ಅಂಗಡಿ ಇಟ್ಟವರು, ದಾನ ಕೊಟ್ಟವರು ಸಾಲಾಗಿ ಸಿಗುತ್ತಾರೆ, ಎಲ್ಲ ಗಂಡಸರು, ಎಲ್ಲ ಗೆದ್ದವರು. ಡೇನ್ ಮಾದರಿಯನ್ನು ಅರ್ಧ ಎರವಲು ತಂದರೆ ಆಗುವುದು ಇದೇ: ದಾಖಲೆ ಬರುವುದಿಲ್ಲ, ಮೊದಲಿಗನ ವೈಭವ ಮಾತ್ರ ಬರುತ್ತದೆ. ಎರಡು ದಡದ ಮನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಹದಿನೈದು ವರ್ಷ ಒಬ್ಬಳೇ ಗೇಣಿ, ಕೋರ್ಟು, ಮಕ್ಕಳ ಶಾಲೆ, ಅತ್ತೆಯ ಕಾಯಿಲೆ ನಿಭಾಯಿಸಿದವಳೂ ವಲಸೆಯ ಭಾಗವೇ ಎಂದು ಕಾಣುತ್ತದೆ. ಅವಳು ಬಜಪೆಯ ವಿಮಾನ ನಿಲ್ದಾಣದಿಂದ ಆಚೆ ಹೋಗದಿದ್ದರೂ ಸರಿ.

ಡೇನರಿಂದ ತೆಗೆದುಕೊಳ್ಳಬಹುದಾದದ್ದು ಬೇರೊಂದಿದೆ. ಆಲ್ಬೋರ್ಗ್ ನಗರದಲ್ಲಿರುವ ಅವರ ವಲಸೆ ದಾಖಲೆಗಳ ಭಂಡಾರ 1932ರಲ್ಲಿ ಶುರುವಾದದ್ದು ಶಿಕಾಗೊದಲ್ಲಿದ್ದ ಮ್ಯಾಕ್ಸ್ ಹೆನಿಯಸ್ ಎಂಬ ಡೇನ್ ರಸಾಯನಶಾಸ್ತ್ರಜ್ಞನ ಮುತುವರ್ಜಿಯಿಂದ. ಸರಕಾರ ಬಂದು ಕಾಗದ ಕೇಳಲಿ ಎಂದು ಹೋದವರು ಕಾಯಲಿಲ್ಲ. ಕುವೈತ್ ಕನ್ನಡ ಕೂಟ, ತುಳು ಕೂಟದಂಥ ಸಂಘಗಳಿಗೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಇದು ಆಗದ ಕೆಲಸವೇನಲ್ಲ. ಒಂದು ಸ್ಕ್ಯಾನರ್, ಕೈಬರಹ ಓದಬಲ್ಲ ಒಬ್ಬರು, ಖಾಸಗಿ ವಿಷಯಗಳನ್ನು ಎಷ್ಟು ವರ್ಷ ಮುಚ್ಚಿಡಬೇಕೆಂಬ ಒಂದು ನಿಯಮ. ಅದಾಗುವವರೆಗೆ ಮನೆಮನೆಯವರು ಮಾಡಬಹುದಾದದ್ದೂ ಇದೆ. 1908ರ ನೋಂದಣಿ ಕಾಯಿದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕದ ನಕಲು ಶುಲ್ಕ ಕಟ್ಟಿದ ಯಾರಿಗೂ ಸಿಗುತ್ತದೆ. ಊರಲ್ಲೇ ನೋಂದಾಯಿಸಿದ ಜಿಪಿಎಯಂಥವು ಸೇರುವ 4ನೇ ಪುಸ್ತಕದ್ದು ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಹೇಳುವವರಿಗೆ ಮತ್ತು ಅವರ ಪ್ರತಿನಿಧಿಗಳಿಗೆ ಮಾತ್ರ. ಟ್ರಂಕು ತೆರೆದಾಗ ಜಿಪಿಎಯ ಮೂಲಪ್ರತಿ ಸಿಗದಿದ್ದರೆ ಆ ಕಾಲದ ಕ್ರಯಪತ್ರದ ನಂಬರ್ ಹಿಡಿದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅರ್ಜಿ ಹಾಕಬೇಕು, ಅಜ್ಜಿಯ ಹೆಸರಿನಲ್ಲಿ.